ಅರ್ಧ ಹಣಿ

ಸೋಮವಾರ ಸಂಜೀಕ, ಬಾಚಣಿಕಿ ಬರೇ ತಾಕಿದ್ದಕ್ಕ
ಪಾಯಿಂಟ್ಸ್‌ಮನ್ ದೌಲಪ್ಪ ಕುರ್ಚಿ ಬಿಟ್ಟು ಎದ್ದ.
'ಕೂದಲಿಗೂ ನೋವು ಆಗ್ತದೇನೋ ಹಡಪದಾ?'
ನಗಲಿಲ್ಲ ನಾ. ಇಪ್ಪತ್ತಾರು ವರ್ಷ
ವಾಡಿ ಸ್ಟೇಶನ್ ರೋಡಿನ್ಯಾಗ ತಲಿ ಹಿಡದ ಕೈ ಇದು.
ಎಡಕ್ಕ ಕತ್ತರಿ ಓಡ್ತು, ಸುಮ್ಮನಿದ್ದ.
ಬಲಕ್ಕ ಬಟ್ಟಿ ಸೋಕಿದ್ರೂ
ಕೆಂಡ ಇಟ್ಟಂಗ ಉಸಿರು ಎಳಕೊಂಡ.
ಹಣಿ ಸಾಫ್ ಇತ್ತು, ಒಂದು ಗುಳ್ಳಿ ಇರಲಿಲ್ಲ.
'ಬಿಸಿಲು' ಅಂದ. 'ಸಿಮೆಂಟ್ ಧೂಳು' ಅಂದ ಬಾಜೂದವ.
ಅರ್ಧ ಕಟಿಂಗಿಗೇ ಪೂರಾ ರೊಕ್ಕ ಕೊಟ್ಟು ಹೋದ.

ಮಂಗಳವಾರ ನಮ್ಮ ಅಂಗಡಿ ಬಂದ್.
ಆ ಒಂದು ದಿನದ ಲೆಕ್ಕ ಇನ್ನಾ ನನ್ನ ಕೊರಳಾಗ ಅದ.

ಬುಧವಾರ ಮುಂಜಾನೆ ಕನ್ನಡಿ ಮುಂದ ಬಂದು ನಿಂತ:
ಬಲಗಡಿ ಹಣಿ ತುಂಬ ನೀರುಗುಳ್ಳಿ,
ಜೋಳದ ಹಾಲುಗಾಳಿನಂಗ ಒತ್ತೊತ್ತಾಗಿ;
ನಡುವ, ಬೈತಲಿಗಿ ನೇರ,
ಯಾರೋ ಗೆರಿ ಕೊರದಂಗ ಗಕ್ಕನೆ ನಿಂತಾವ.
ಎಡಗಡಿ ಹಣಿ ನಿನ್ನಿಯಂಗೇ,
ಏನೂ ಗೊತ್ತಿಲ್ಲದವರಂಗ.

'ಸರ್ಪಸುತ್ತು' ಅಂದ್ಲು ಚಹಾದ ಭಾಗಮ್ಮ,
'ತಲಿ ಬಾಲ ಕೂಡಬಾರದು ನೋಡು, ಕಾವಿ ಹಚ್ಚು.'
ಒಳ್ಳೆ ಜೀವ. ಮಾತು ಮುಗಿಯೋದ್ರಾಗ
ಬಟ್ಟಲದಾಗ ಕಲಿಸೇ ತಂದಿದ್ಲು.

ನಾ ನೋಡಿದ್ದು ಮೂಗು.
ಮೂಗಿನ ತುದೀಗಿ ಒಂದೇ ಒಂದು ಗುಳ್ಳಿ,
ಸಾಸಿವಿಯಷ್ಟು.

ನಮ್ಮವ್ವಗೂ ಅಲ್ಲೇ ಇತ್ತು.
ನಾ ಹದಿಮೂರರ ಹುಡುಗ, ಕಾವಿ ಅರಿಯೋ ಕೆಲಸ ನಂದು.
ಕೆಂಪು ಹಣಿ, ಕೆಂಪು ತಲಿದಿಂಬು.
'ಬಾಗಿಲಾ ಹಾಕ್ರೋ, ಬೆಳಕು ಚುಚ್ತದ' ಅಂತಿದ್ಲು.
ಗುಳ್ಳಿ ಒಣಗಿದ್ವು; ಗುಣ ಆತು ಅಂದ್ವಿ.
ಆಮ್ಯಾಲ ಬಲಗಣ್ಣಿನ ಕರಿ ಮ್ಯಾಲ
ಮಜ್ಜಿಗಿ ಹನಿ ಬಿದ್ದಂಗ ಬಿಳುಪು ಕುಂತಿತು.
ಹನ್ನೊಂದು ವರ್ಷ ಬದುಕಿದ್ಲು,
ತೊಗರಿ ಆರಿಸುವಾಗ ಮರ ಎಡಕ್ಕ ಹೊರಳಿಸಿಕೊಂಡು.

'ಮೂಗಿನ ಗುಳ್ಳಿ ಕಣ್ಣಿನ ಸುದ್ದಿ ತಂದದ, ನಡಿ' ಅಂದೆ.
ನಡೀಲಿಲ್ಲ. ಸೂಜಿಗಿ ಅಂಜೋನಲ್ಲ ಅವ,
ಕಾಗದಕ್ಕ ಅಂಜಿದ್ದ: ಕೆಂಪು ಹಸರು ತಪ್ಪಿದ್ರ
ಡ್ಯೂಟಿ ಹೋಗ್ತದ. 'ಮಸಕು ಇಲ್ಲೋ, ಬರೇ ನೀರು ಸೋರ್ತದ.'
ಕಣ್ಣು ತಿಕ್ಕಲಿಕ್ಕ ಹೋದ. ಮಣಿಕಟ್ಟು ಹಿಡದೆ.
ಅರ್ಧ ದಾಡಿ ಆಗಿದ್ದ ಗಿರಾಕಿ ಕೈಯಾಗ ಟಾವೆಲ್ ಕೊಟ್ಟು
ಶಟರ್ ಎಳದೆ.

ಕಲಬುರಗಿಯಾಗ ಡಾಕ್ಟರ್ ನುಜಹತ್ ಮೇಡಂ
ಹಳದಿ ಬಣ್ಣ ಹನಿಸಿ, ನೀಲಿ ಬೆಳಕು ಹಚ್ಚಿ
ಬಾಳ ಹೊತ್ತು ಮಾತಾಡಲಿಲ್ಲ. ಕಡೀಗಿ ಕೇಳಿದ್ರು,
'ಸಣ್ಣವರಿದ್ದಾಗ ಮೈಮ್ಯಾಲ ಅಮ್ಮ ಬಂದಿದ್ಲಾ?'
'ಬಂದು ಹೋಗ್ಯಾಳ್ರಿ, ಏಳನೇ ವರ್ಷಕ್ಕ.'
'ಹೋಗಿರಲಿಲ್ಲ. ನರದ ಬುಡಕ್ಕ ಮಲಗಿದ್ಲು.
ಈಗ ಅದೇ ನರ ಹಿಡಕೊಂಡು ಬಂದಾಳ.
ಆ ದಾರಿ ನಡುಹಣಿಗಿ ಮುಗೀತದ,
ಸುತ್ತೋದಿಲ್ಲ, ಕೂಡೋದಿಲ್ಲ. ಕಣ್ಣಿಗಿ ಇಳೀತದ.
ಗುಳ್ಳಿ ಕಂಡ ಮೂರು ದಿನದಾಗ ಗುಳಿಗಿ ಸುರು ಆಗಬೇಕು.
ಹೊತ್ತಿಗಿ ಬಂದೀರಿ.'

ದಿನಕ್ಕ ಐದು. ಅವಗ ಗಡಿಯಾರ ಯಾಕ,
ಐದು ಗಾಡಿ ಹೆಸರು ಹೇಳಿದ, ಒಂದೊಂದಕ್ಕ ಒಂದು.
ಮೆಡಿಕಲ್‌ದವ ಕೊಟ್ಟ ಹನಿ ಹಾಕಬ್ಯಾಡ್ರಿ ಅಂದಿದ್ರು.
ಬಸರಿ ಮಗಳು ಮನಿಗಿ ಬಂದಿದ್ಲು,
ಆಕಿಗಿ ಅಮ್ಮ ಬಂದಿದ್ದು ಯಾರಿಗೂ ನೆನಪಿಲ್ಲ;
ಒಂಬತ್ತು ರಾತ್ರಿ ನನ್ನ ಅಂಗಡಿ ಬೆಂಚಿನ ಮ್ಯಾಲ ಮಲಗಿದ.
ಭಾಗಮ್ಮ ಉಳದ ಕಾವೀಲೆ ಹೊಸ್ತಿಲ ಬಳದ್ಲು.

ಕಣ್ಣು ಉಳೀತು. ಉರಿನೂ ಉಳೀತು.
ನಾಕು ತಿಂಗಳಾತು, ಫ್ಯಾನ್ ಹಾಕಗೊಡಂಗಿಲ್ಲ.
ಸಾಹೇಬ್ರು ಸದ್ಯ ರಜಿಸ್ಟರ್ ಮುಂದ ಕೂಡಿಸ್ಯಾರ;
ಅದಕ್ಕ ನನ್ನ ಬೈತಾನ, ಬೈಯಲಿ.
ಬಲಗಡಿ ಬಾಚಣಿಕಿ ಇಲ್ಲ,
ಬೆರಳ ಸಂದೀಲೆ ಎತ್ತಿ ಎತ್ತಿ ಕತ್ತರಸ್ತೀನಿ.
ನಡುವ ಎಡಗಣ್ಣು ಮುಚ್ಚತಾನ,
ಕನ್ನಡಿಯಾಗ ನನ್ನ ಹೆಗಲ ಮ್ಯಾಲಿಂದ
ಲೈನ್ ಆಚೀಗಿನ ಸಿಗ್ನಲ್ ನೋಡ್ತಾನ.
'ಹಸರು' ಅಂತಾನ.
ಕತ್ತರಿ ನಿಲ್ಲಸ್ತೀನಿ.
ತಿರುಗಿ ನೋಡಂಗಿಲ್ಲ ನಾ, ಗಾಡಿ ಸಪ್ಪಳ ಕಾಯ್ತೀನಿ.